ಕಷಾಯದ ತಪ್ಪಲೆ

ಹೆದರಿಕೆ ಆ ಮನೆಗೆ ನೊರೆಯ ರೂಪದಲ್ಲಿ ಬಂತು. ಮುಂಬೈಯ ಸಯನ್ನಿನ ಹಳೆಯ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ಒಂದು ಬೆಳಿಗ್ಗೆ ಸತ್ಯಮೂರ್ತಿಯವರು ಬಚ್ಚಲಿನಿಂದ ಹೊರಗೆ ಬಂದು, "ಅಲಮೇಲು, ಮೂತ್ರದಲ್ಲಿ ನೊರೆ ಬರ್ತಿದೆ ಕಣೆ, ಸೋಪಿನ ನೀರಿನ ಹಾಗೆ," ಎಂದರು. ಹೇಳಿ ಪೇಪರ್ ಓದಲು ಕೂತರು. ಅವರ ಪಾಲಿಗೆ ಅದೂ ಒಂದು ಹವಾಮಾನದ ಸುದ್ದಿ. ಅಲಮೇಲುವಿನ ಕೈಯಲ್ಲಿದ್ದ ಒಗ್ಗರಣೆ ಸೌಟು ಮಾತ್ರ ಒಲೆಯ ಮೇಲೇ ನಿಂತುಬಿಟ್ಟಿತು. ಸಾಸಿವೆ ಸೀದು ಮನೆಯೆಲ್ಲ ಹೊಗೆಯಾಯಿತು.

ಸಕ್ಕರೆ ಕಾಯಿಲೆಗೆ ಅವಳು ಹೆದರಿದವಳಲ್ಲ. ಈ ಊರಿನಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದೂ ಸಾವಿಲ್ಲದ ಮನೆಯ ಸಾಸಿವೆ ತರುವುದೂ ಒಂದೇ. ಗಂಡ ವಿಕ್ರೋಳಿಯ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದಾಗಲೇ ಅದು ಅಂಟಿಕೊಂಡಿತ್ತು. ಮಾತ್ರೆ, ರಾಗಿಮುದ್ದೆ, ಹಾಗಲಕಾಯಿ ಗೊಜ್ಜು ಎಂದು ಅವಳು ಅದನ್ನು ಮನೆಯಲ್ಲಿ ಝಂಡಾ ಊರಿದ ಮುದಿ ನೆಂಟನಂತೆ ಸಂಭಾಳಿಸಿಕೊಂಡು ಬಂದಿದ್ದಳು. ಅವಳು ಹೆದರುತ್ತಿದ್ದುದು ಒಂದೇ ಮಾತಿಗೆ. ಡಯಾಲಿಸಿಸ್. ಮೈಸೂರಿನಲ್ಲಿ ಅವಳ ಅಣ್ಣ ಆ ಮೆಷಿನ್ನಿನ ಪಕ್ಕದಲ್ಲಿ ಮಲಗಿ ಮಲಗಿಯೇ ಹೋದವನು. ಅವನ ತೋಳಿನ ನರ ಹಗ್ಗದಂತೆ ಉಬ್ಬಿದ್ದನ್ನು ಅವಳು ಕಂಡಿದ್ದಳು. ನೀರಿಗೂ ಅಳತೆ ಅವನಿಗೆ. "ಒಂದೇ ಒಂದು ಲೋಟ, ತುಂಬ ಕೊಡೇ," ಎಂದು ಕೊನೆಗೆ ತಂಗಿಯನ್ನು ಬೇಡಿದ್ದ. ಅವಳು ಕೊಟ್ಟಿರಲಿಲ್ಲ. ಡಾಕ್ಟರು ಬೇಡವೆಂದಿದ್ದರು.

ಪರೀಕ್ಷೆ ಮಾಡಿಸಿದ್ದಾಯಿತು. ಕಿಡ್ನಿ ಸೋರಲು ಶುರುವಾಗಿದೆ, ಮಾತ್ರೆ ಬದಲಿಸುತ್ತೇನೆ, ಉಪ್ಪು ಕಡಿಮೆ ಮಾಡಿ, ಹೆದರುವಂಥದ್ದೇನಿಲ್ಲ ಎಂದರು ಡಾಕ್ಟರು. ಹೆದರಬೇಡಿ ಎಂದು ಹೇಳುವವರಿಗೆ ತಮ್ಮ ಮಾತು ಎಷ್ಟು ಹೆದರಿಸುತ್ತದೆ ಎಂಬುದು ಗೊತ್ತಿರುವುದಿಲ್ಲ. ಅಂದಿನಿಂದ ಅಲಮೇಲು ಬಚ್ಚಲಿನ ಬಾಗಿಲ ಬಳಿಯೇ ಸುಳಿದಾಡತೊಡಗಿದಳು. "ನೀರು ಹಾಕಬೇಡಿ, ನಾನು ನೋಡ್ಬೇಕು," ಎಂದು ಹೊರಗಿನಿಂದ ಕೂಗುವಳು. ಮರ್ಯಾದಸ್ಥರಾದ ಸತ್ಯಮೂರ್ತಿಗೆ ಅದೇ ದೊಡ್ಡ ಕಾಯಿಲೆಯಾಯಿತು.

ಸೊಸೆ ಸಾಧನಾ ವಿಲೆ ಪಾರ್ಲೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಗಿಡಮೂಲಿಕೆಗಳ ಸಾರ ತೆಗೆಯುವುದು, ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ಅದನ್ನು ಕುಡಿಸುವುದು, ಅವುಗಳ ಮೂತ್ರಪಿಂಡ ಉಳಿಯುತ್ತದೆಯೇ ಎಂದು ನೋಡುವುದು, ಇದು ಅವಳ ಕೆಲಸ. ಮುಂಬೈಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳ ಕನ್ನಡ ಸ್ಲೋ ಲೋಕಲ್‌ನಂತೆ ಹಿಂದಿ ಇಂಗ್ಲಿಷುಗಳ ಸ್ಟೇಶನ್ನುಗಳಲ್ಲೆಲ್ಲ ನಿಂತು ನಿಂತು ಬರುತ್ತದೆ. ಮಗ ವಿಕ್ರಂ ಕಂಪನಿ ಕೆಲಸದ ಮೇಲೆ ಸದಾ ಊರೂರು ತಿರುಗುವವನಾದ್ದರಿಂದ ಊಟಕ್ಕೆ ಕೂರುತ್ತಿದ್ದವರು ಈ ಮೂವರೇ.

"ಅಮ್ಮ, ಈ ಸಲ ರಿಸಲ್ಟ್ ಏಕ್‌ದಮ್ ಚೆನ್ನಾಗಿ ಬಂತು," ಎಂದಳು ಒಂದು ದಿನ ಚಪಾತಿ ಮುರಿಯುತ್ತ. "ಆಮ್ಲಾ, ಗಿಲೋಯ್, ಗೋಖರು. ಮೂರೂ ಸೇರಿಸಿ ಎಕ್ಸ್‌ಟ್ರ್ಯಾಕ್ಟ್ ಕೊಟ್ವಲ್ಲ, ಆ ಇಲಿಗಳ ಕಿಡ್ನಿ ಡ್ಯಾಮೇಜ್ ಬಹುತ್ ಕಮ್ಮಿ. ಲೇಕಿನ್ ಇದು ಇಲಿಗಳದ್ದು ಹಾಂ. ಮನುಷ್ಯರಿಗೆ ಇನ್ನೂ ಯಾರೂ ಹೇಳಕ್ಕಾಗಲ್ಲ."

ಮಾತಿನ ಮೊದಲ ಅರ್ಧ ಅಲಮೇಲುವಿನ ಕಿವಿಗೆ ಬಿತ್ತು. ಎರಡನೆಯ ಅರ್ಧವೂ ಬಿತ್ತು, ಆದರೆ ಅದನ್ನು ಅವಳು ಒಳಗೆ ಬಿಟ್ಟುಕೊಳ್ಳಲಿಲ್ಲ. ಆಮ್ಲಾ ಎಂದರೆ ಬೆಟ್ಟದ ನೆಲ್ಲಿಕಾಯಿ, ಗಿಲೋಯ್ ಎಂದರೆ ಅಮೃತಬಳ್ಳಿ, ಗೋಖರು ಎಂದರೆ ನೆಗ್ಗಿಲುಮುಳ್ಳು. ಎಲ್ಲ ಅಜ್ಜಿಯ ಕಾಲದಿಂದ ಗೊತ್ತಿದ್ದವೇ. ಗಣಪತಿಯ ವಾಹನಕ್ಕೆ ಹಿಡಿಸಿದ ಔಷಧ ನಮ್ಮವರಿಗೆ ಹಿಡಿಸುವುದಿಲ್ಲವೇ ಎಂದುಕೊಂಡಳು.

ಮರುದಿನವೇ ಮಾಟುಂಗಾದ ಗ್ರಂಧಿಗೆ ಅಂಗಡಿಗೆ ಹೋಗಿ ಮೂರನ್ನೂ ತಂದಳು. ಇಂಥ ಔಷಧವನ್ನು ಕುಕ್ಕರಿನಲ್ಲಿ ಕುದಿಸುವುದು ಅವಳ ಮನಸ್ಸಿಗೆ ಬರಲಿಲ್ಲ. ಅಟ್ಟದ ಮೇಲೆ ಅತ್ತೆಯ ತಾಮ್ರದ ತಪ್ಪಲೆ ಇತ್ತು. ಮದುವೆಯಾಗಿ ಮುಂಬೈಗೆ ಹೊರಟಾಗ ಶ್ರೀರಂಗಪಟ್ಟಣದ ಮನೆಯಿಂದ ಅತ್ತೆ ಹೊರಿಸಿ ಕಳಿಸಿದ್ದು. ಇಲ್ಲಿ ಪಾತ್ರೆಯ ಒಳಮೈಗೆ ತವರದ ಕಲಾಯಿ ಹಾಕುವವನು ಬಿಲ್ಡಿಂಗಿಗೆ ಬರುವುದು ನಿಂತ ಮೇಲೆ ಅದು ಅಟ್ಟ ಸೇರಿತ್ತು. ಈಗಂತೂ ತಾಮ್ರಕ್ಕೆ ಎಲ್ಲಿಲ್ಲದ ಬೆಲೆ. ಬಿಲ್ಡಿಂಗಿನ ಗುಜರಾತಿ ಹೆಂಗಸರೆಲ್ಲ ತಾಮ್ರದ ಬಾಟಲಿ ಹಿಡಿದೇ ವಾಕಿಂಗ್ ಹೋಗುತ್ತಾರೆ. ತಪ್ಪಲೆ ಇಳಿಸಿ ನೋಡಿದರೆ ಹೊರಗೆಲ್ಲ ಕಪ್ಪು, ಒಳಗೆ ಅಲ್ಲಲ್ಲಿ ಬೂದುಬಣ್ಣದ ಕರೆ. ಹುಣಿಸೆಹಣ್ಣು, ಉಪ್ಪು ಹಾಕಿ ಅಲಮೇಲು ತಿಕ್ಕಿದಳು, ಮತ್ತೆ ತಿಕ್ಕಿದಳು, ಒಳಗಿನ ಕರೆಯನ್ನೂ ಬಿಡದೆ ಕಿತ್ತಳು. ಕೊನೆಗೆ ತಪ್ಪಲೆ ಒಳಗೂ ಹೊರಗೂ ಉದಯದ ಸೂರ್ಯನಂತೆ ಹೊಳೆಯಿತು. ಅದನ್ನು ನೋಡಿ ಅವಳ ಕಣ್ಣು ತುಂಬಿತು. ತಿಂಗಳುಗಟ್ಟಲೆ ಹೆದರಿದ್ದವಳಿಗೆ ಮೊದಲ ಬಾರಿ ಧೈರ್ಯ ಬಂದದ್ದು ಆ ಹೊಳಪು ಕಂಡು.

ಸಂಜೆ ಕುದಿಸುವಳು. ಸತ್ವವೆಲ್ಲ ಇಳಿಯಲಿ ಎಂದು ಬೆಳಗಿನ ತನಕ ತಪ್ಪಲೆಯಲ್ಲೇ ಬಿಡುವಳು. ಬೆಳಿಗ್ಗೆ ಸಾಧನಾ ಕಾಲೇಜಿಗೆ ಹೊರಟ ಮೇಲೆ ಒಂದು ಲೋಟ ಬಗ್ಗಿಸಿ ಗಂಡನ ಮುಂದೆ ಹಿಡಿಯುವಳು.

"ಇದೇನೇ ಇದು?"

"ಇಲಿ ಔಷಧ. ಕುಡೀರಿ."

"ಸಾಧನಾನ ಕೇಳಿದೀಯ?"

"ಅವಳನ್ನ ಕೇಳಿದ್ರೆ ಪ್ರೂಫ್ ಎಲ್ಲಿ ಅಂತಾಳೆ. ಪ್ರೂಫ್ ಬರೋ ಹೊತ್ತಿಗೆ ನಮಗೆ ಏನಾಗಿರತ್ತೋ. ಮಕ್ಕಳಿಗೆ ಹೇಳಬೇಡಿ, ನನ್ನಾಣೆ."

ಸತ್ಯಮೂರ್ತಿ ಮತ್ತೆ ಕೇಳಲಿಲ್ಲ. ಮದುವೆಯಾದಾಗಿನಿಂದ ಅವಳು ತಟ್ಟೆಗೆ ಹಾಕಿದ್ದನ್ನು ಉಂಡು, ಲೋಟಕ್ಕೆ ಬಗ್ಗಿಸಿದ್ದನ್ನು ಕುಡಿದು ಬದುಕಿದ ಮನುಷ್ಯ. ಕಣ್ಣು ಮುಚ್ಚಿ, ಲೋಟ ಎತ್ತಿ, ಗಟಗಟನೆ ಮುಗಿಸಿ, ತುಟಿ ಒರೆಸಿಕೊಂಡರು. ಲೋಟ ಖಾಲಿಯಾಗುವವರೆಗೂ ಅಲಮೇಲು ಎದುರಿಗೆ ನಿಂತೇ ಇದ್ದಳು.

ಮೊದಲ ರಿಪೋರ್ಟು ಚೂರು ಚೆನ್ನಾಗಿಯೇ ಬಂತು. ಉಪ್ಪು ಬಿಟ್ಟದ್ದಕ್ಕೋ ಹೊಸ ಮಾತ್ರೆಗೋ ದೇವರೇ ಬಲ್ಲ, ಅಲಮೇಲು ಅದನ್ನು ತಪ್ಪಲೆಯ ಖಾತೆಗೆ ಬರೆದಳು. ಆಮೇಲೆ ಕೆಲವು ವಾರ ಕಳೆಯಿತೋ ಇಲ್ಲವೋ, ಸತ್ಯಮೂರ್ತಿಗೆ ಊಟ ಸೇರದಾಯಿತು. ಹೊಟ್ಟೆ ತೊಳೆಸುವುದು, ಬೆಳಿಗ್ಗೆ ಓಕರಿಕೆ, ಮುಖದ ಮೇಲೆ ಮಂಕು. ಅಣ್ಣನಿಗೂ ಹೀಗೇ ಶುರುವಾಗಿತ್ತು. ಕಿಡ್ನಿ ಇನ್ನೂ ಕೆಡುತ್ತಿದೆ, ಔಷಧ ಸಾಲುತ್ತಿಲ್ಲ ಎಂದುಕೊಂಡಳು ಅಲಮೇಲು. ಒಂದು ಲೋಟ ಎರಡಾಯಿತು. ನೆಲ್ಲಿಕಾಯಿ ಜಾಸ್ತಿಯಾಯಿತು. ಅವರು ಹೆಚ್ಚು ಬಾಡಿದಷ್ಟೂ ಅವಳು ಹೆಚ್ಚು ಕುಡಿಸಿದಳು. ಹೆಚ್ಚು ಕುಡಿಸಿದಷ್ಟೂ ಅವರು ಹೆಚ್ಚು ಬಾಡಿದರು. ಡಾಕ್ಟರ ಹತ್ತಿರ ಹೋಗೋಣ ಎಂದು ಸಾಧನಾ ಅಂದಾಗಲೆಲ್ಲ, "ಗ್ಯಾಸ್ ಅಷ್ಟೆ," ಎಂದು ತೇಲಿಸಿದಳು. ಡಾಕ್ಟರ ಬಾಯಲ್ಲಿ ಆ ಒಂದು ಮಾತು ಬಂದುಬಿಟ್ಟರೆ ಎಂಬ ಭಯ ಅವಳನ್ನು ಆಸ್ಪತ್ರೆಯ ದಾರಿ ತುಳಿಯಲು ಬಿಡಲಿಲ್ಲ.

ಒಂದು ಬೆಳಿಗ್ಗೆ ಲೋಟಕ್ಕೆ ಕೈ ಚಾಚಿದ ಸತ್ಯಮೂರ್ತಿ ಹಾಗೆಯೇ ಕುರ್ಚಿಯಿಂದ ಜಾರಿ ಕೆಳಗೆ ಕೂತರು. ತುಟಿ ಬಿಳುಚಿತ್ತು. ಹೊರಟಳೆಂದು ಅಲಮೇಲು ತಿಳಿದಿದ್ದ ಸಾಧನಾ ಇನ್ನೂ ಕೋಣೆಯಲ್ಲೇ ಇದ್ದುದು ಪುಣ್ಯ. ವಿಕ್ರಂ ಊರಲ್ಲಿರಲಿಲ್ಲ, ಅತ್ತೆ ಸೊಸೆಯೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಒಯ್ದರು.

ಅಲ್ಲಿನ ಕಿಡ್ನಿ ಡಾಕ್ಟರು ಕಾಶಿನಾಥ ಎಂಬವರು, ಕಲಬುರಗಿ ಕಡೆಯವರು. ಕನ್ನಡದ ಪೇಷಂಟು ಎಂದು ತಿಳಿದು ಖುಷಿಯಿಂದಲೇ ಬಂದರು. ರಿಪೋರ್ಟು ನೋಡಿದ ಮೇಲೆ ಆ ಖುಷಿ ಉಳಿಯಲಿಲ್ಲ.

"ಕಿಡ್ನಿ ಭಾಳ ಜಲ್ದಿ ಇಳದದ ನೋಡ್ರಿ. ಬರೇ ಶುಗರ್‌ದಿಂದ ಇಷ್ಟು ಲಗೂನ ಇಳಿಯಂಗಿಲ್ಲ. ರಕ್ತನೂ ಕಡಿಮಿ ಆಗ್ಯಾದ. ಮತ್ತ್ಯಾವದರ ಔಷಧ ತಗೋತೀರೇನ್ರಿ? ಜಡಿಬೂಟಿ, ಪುಡಿ, ಭಸ್ಮ, ಹಂಗೇನರ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಲಮೇಲು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ಸತ್ಯಮೂರ್ತಿ ಹಾಸಿಗೆಯಿಂದ ಅವಳತ್ತ ಒಮ್ಮೆ ನೋಡಿದರು. ಆಣೆ ಹಾಕಿಸಿಕೊಂಡಿದ್ದರಲ್ಲ.

"ಇಲ್ಲ ಡಾಕ್ಟ್ರೇ," ಎಂದರು. "ನಮ್ಮ ಡಾಕ್ಟ್ರು ಬರೆದುಕೊಟ್ಟ ಮಾತ್ರೆ ಅಷ್ಟೆ. ಬೇರೆ ಏನೂ ಇಲ್ಲ."

"ಖರೆ ಇದ್ರ ಚಲೋ," ಎಂದರು ಡಾಕ್ಟರು. "ಕಾರಣ ಸಿಗಲಿಲ್ಲಂದ್ರ ನಾಳಿಗೋ ನಾಡದಕೋ ಡಯಾಲಿಸಿಸ್ ಮ್ಯಾಲ ಹಾಕಬೇಕಾಗ್ತದ. ತಯಾರ ಇರ್ರಿ ತಾಯಿ."

ಆ ಮಾತು ಬಂದೇ ಬಿಟ್ಟಿತು. ಅಲಮೇಲು ಬಾಯಿ ತೆರೆದರೆ ಹೇಳಿಬಿಡುತ್ತಿದ್ದಳು, ಆದರೆ ಏನೆಂದು ಹೇಳುವುದು? ನೆಲ್ಲಿಕಾಯಿ ಕೊಟ್ಟೆ ಎಂದೇ? ಊರೆಲ್ಲ ತಿನ್ನುವ ನೆಲ್ಲಿಕಾಯಿ. ಸೊಸೆಯ ಮುಂದೆ, ಡಾಕ್ಟರ ಮುಂದೆ, ಹಾಸಿಗೆ ಹಿಡಿದ ಗಂಡನನ್ನು ಸುಳ್ಳುಗಾರನನ್ನಾಗಿ ಮಾಡಿ? ಬಟ್ಟೆ ತರುತ್ತೇನೆ ಎಂದು ಸಾಧನಾಳನ್ನು ಅಲ್ಲೇ ಕೂರಿಸಿ ಮನೆಗೆ ಬಂದಳು.

ಅಡುಗೆಮನೆಯಲ್ಲಿ ಬೆಳಿಗ್ಗೆ ಬಗ್ಗಿಸಿದ ಲೋಟ ಹಾಗೇ ಇತ್ತು. ತಪ್ಪಲೆಯಲ್ಲಿ ಉಳಿದ ಕಷಾಯವೂ ಇತ್ತು. ಮೊದಲು ಇದನ್ನು ಚೆಲ್ಲಬೇಕು ಎಂದುಕೊಂಡಳು. ಯಾರಾದರೂ ಬಂದು ನೋಡುವ ಮೊದಲು ಚೆಲ್ಲಿ, ತಿಕ್ಕಿ, ಮತ್ತೆ ಅಟ್ಟಕ್ಕೆ ಹಾಕಿಬಿಡಬೇಕು. ಲೋಟವನ್ನು ಸಿಂಕಿಗೆ ಸುರಿದಳು. ಡಬ್ಬಿಯಿಂದ ಹುಣಿಸೆಹಣ್ಣು ತೆಗೆದು ನೀರಿನಲ್ಲಿ ಹಿಸುಕಿ, ಒಳಗೆ ಕಷಾಯ ಇದ್ದಂತೆಯೇ ತಪ್ಪಲೆಯ ಕಂಠಕ್ಕೆ ಉಜ್ಜತೊಡಗಿದಳು. ಕಪ್ಪು ಕರಗಿ ಕೆಂಪು ತಾಮ್ರ ಹೊರಗೆ ಬಂತು. ಬೆರಳ ತುದಿಯಿಂದ ಹಸಿರು ನೀರು ಇಳಿಯಿತು.

ಕೈ ನಿಂತಿತು. ಹುಳಿ ತಾಗಿದರೆ ತಾಮ್ರ ಬಿಡುತ್ತದೆ. ಇದು ಅವಳ ಕೈಗೆ ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಗೊತ್ತು. ಶುಕ್ರವಾರ ಶುಕ್ರವಾರ ದೇವರ ಪಾತ್ರೆ ಬೆಳಗಿದ ಕೈ. ಹಾಗಾದರೆ ಬಿಟ್ಟ ತಾಮ್ರ ಎಲ್ಲಿಗೆ ಹೋಗುತ್ತದೆ? ಪಾತ್ರೆ ಬೆಳಗುವಾಗ ಮೋರಿಗೆ. ಕಷಾಯ ಕುದಿಸಿದಾಗ?

ತಪ್ಪಲೆಯನ್ನು ಕಿಟಕಿಯ ಬೆಳಕಿಗೆ ಬಾಗಿಸಿದಳು. ಕಷಾಯ ನಿಂತಿದ್ದ ಮಟ್ಟದಲ್ಲಿ ಸುತ್ತಲೂ ಹಸಿರು ಗೆರೆ. ಕಿಲುಬು. ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದಳು. ನೆಲ್ಲಿಕಾಯಿಯ ಒಗರಿನ ಹಿಂದೆ ಹಳೆಯ ನಾಣ್ಯ ನೆಕ್ಕಿದಂಥ ರುಚಿ. ಉಗುಳಿದಳು, ಬಾಯಿ ಮುಕ್ಕಳಿಸಿದಳು, ಹೋಗಲಿಲ್ಲ. ಆಗ ಅತ್ತೆಯ ಮಾತು ನೆನಪಾಯಿತು, ನೆನಪಾಗಬೇಕಾದ ಕಾಲದಲ್ಲಿ ಆಗದೆ. "ಕಲಾಯಿ ಹೋದ ಪಾತ್ರೆಗೆ ಹುಳಿ ತೋರಿಸಬೇಡ ಕಣಮ್ಮ, ಮನೆ ಮಂದಿ ಉಳಿಯಲ್ಲ." ಸಾರು ಮಾಡುವ ಪಾತ್ರೆಗೆ ಕಲಾಯಿ ಬೇಕೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಕಷಾಯ ಎಂದರೆ ಔಷಧ, ಔಷಧಕ್ಕೆ ತಾಮ್ರ ಒಳ್ಳೆಯದು ಎಂದು ಬುದ್ಧಿ ಓಡಿತ್ತು. ಒಳಗಿದ್ದ ಆ ಬೂದುಬಣ್ಣ ಕರೆಯಲ್ಲ, ಕಲಾಯಿ. ಉಳಿದಿದ್ದ ಅಷ್ಟಿಷ್ಟನ್ನೂ ತನ್ನ ಕೈಯಾರೆ ತಿಕ್ಕಿ ತೆಗೆದು, ಹೊಳಪು ಬಂತೆಂದು ಕಣ್ಣೀರು ಹಾಕಿದ್ದಳು. ಬೆಟ್ಟದ ನೆಲ್ಲಿಕಾಯಿಗಿಂತ ಹುಳಿ ಇನ್ನಾವುದಿದೆ? ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದೂ ದಿನಾ, ಹೊಲದ ಎದುರಿಗೆ ನಿಂತು, ಪೂರ್ತಿ ಖಾಲಿಯಾಯಿತೇ ಎಂದು ನೋಡಿ.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಈಗಲೂ ಚೆಲ್ಲಬಹುದು. ಚೆಲ್ಲಿದರೆ ಈ ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರು ಮೆಷಿನ್ನಿಗೆ ಹಾಕುತ್ತಾರೆ, ಊರವರೆಲ್ಲ ಶುಗರ್ ಜಾಸ್ತಿಯಾಯಿತಂತೆ ಎನ್ನುತ್ತಾರೆ, ಅವಳು ಎಲ್ಲರ ಕಣ್ಣಿಗೆ ಗಂಡನ ಸೇವೆ ಮಾಡಿದ ಸಾಧ್ವಿಯಾಗಿಯೇ ಉಳಿಯುತ್ತಾಳೆ. ಅವರಂತೂ ಹೇಳುವುದಿಲ್ಲ. ಆಣೆ. ಅಲಮೇಲುವಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು. ತಪ್ಪಲೆಯ ಬಾಯಿಗೆ ತಟ್ಟೆ ಮುಚ್ಚಿ, ಅದನ್ನು ಪಂಚೆಯಲ್ಲಿ ಗಂಟು ಕಟ್ಟಿ, ಬಟ್ಟೆಯ ಚೀಲ ಮರೆತು, ಅದನ್ನೊಂದೇ ಎತ್ತಿಕೊಂಡು ಕೆಳಗಿಳಿದಳು.

ಬಸ್ಸಿನಲ್ಲಿ ಎರಡೂ ಕೈಯಿಂದ ತಪ್ಪಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದಳು. ಬ್ರೇಕ್ ಹಾಕಿದಾಗಲೆಲ್ಲ ಕಷಾಯ ತುಳುಕಿ ಪಂಚೆ ಒದ್ದೆಯಾಯಿತು. ಪಕ್ಕದ ಮರಾಠಿ ಹೆಂಗಸು, "ಪ್ರಸಾದ ಆಹೇ ಕಾ?" ಎಂದು ಕೇಳಿದಳು. ಅಲಮೇಲು ಇಲ್ಲವೆಂದು ತಲೆಯಾಡಿಸಿದಳು. ಚೆಲ್ಲಿ ಮುಗಿದುಹೋದರೆ ಎಂದು ಈಗ ಇನ್ನೊಂದು ಹೆದರಿಕೆ.

ವಾರ್ಡಿನ ಹೊರಗೆ ಸಾಧನಾ ಎದ್ದು ಬಂದಳು. ಗಂಟು ಬಿಚ್ಚಿ ತೋರಿಸಿದಾಗ ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅಲಮೇಲು ಎಲ್ಲ ಹೇಳಿದಳು. ಇಲಿಯಿಂದ ಶುರುಮಾಡಿ ಕಿಲುಬಿನವರೆಗೆ ಒಂದೇ ಉಸಿರಿಗೆ.

ಸಾಧನಾಳ ಮುಖದ ಬಣ್ಣ ಹೋಯಿತು. "ಅಮ್ಮ, ನಾವು ಗಾಜಲ್ಲಿ ಮಾಡ್ತೀವಿ! ಕಾಂಚ್! ಕಿಚನ್‌ನಲ್ಲಿ ಸ್ಮೆಲ್ ಬರ್ತಿತ್ತು, ನಾನು ಶೀತಕ್ಕೆ ಕಷಾಯ ಅಂತ ಸೋಚ್ದೆ. ಕೇಳಬೇಕಿತ್ತು. ಡಿನ್ನರ್‌ನಲ್ಲಿ ಅದನ್ನೆಲ್ಲ ಹೇಳಿದ್ದೇ ನಾನು..." ಮುಂದೆ ಯಾವ ಭಾಷೆಯಲ್ಲೂ ಮಾತು ಬರಲಿಲ್ಲ. ಅಲಮೇಲು ಹೆದರಿದ್ದಂತೆ ಅವಳು ಬೈಯಲಿಲ್ಲ, ಬಗ್ಗಿ ಪಂಚೆಯ ಗಂಟನ್ನು ಮತ್ತೆ ಕಟ್ಟಿದಳು. ಇಬ್ಬರೂ ತಪ್ಪಲೆಯ ಒಂದೊಂದು ಕಡೆ ಹಿಡಿದುಕೊಂಡೇ ಡಾಕ್ಟರ ಕೋಣೆಗೆ ಹೋದರು.

ಡಾಕ್ಟರ್ ಕಾಶಿನಾಥ ತಪ್ಪಲೆಯೊಳಗೆ ಬಗ್ಗಿ ನೋಡಿ ಹಸಿರು ಗೆರೆಯ ಮೇಲೆ ಬೆರಳಾಡಿಸಿದರು.

"ಮುಂಜಾನೆ ಕೇಳಿದಾಗ ಯಾಕ ಹೇಳಲಿಲ್ರಿ ತಾಯಿ?"

"ಹೆದರಿದ್ದೆ."

"ಹೆದರಿಕಿ ಬಂದಾಗನ ಹೇಳಬೇಕ್ರಿ," ಎಂದರು. ಸಿಟ್ಟು ಅವರ ದನಿಯಲ್ಲಿತ್ತು, ಆದರೆ ಆಗಲೇ ಫೋನು ಎತ್ತಿಕೊಂಡಿದ್ದರು. ರಕ್ತದಲ್ಲಿ ತಾಮ್ರ ಎಷ್ಟಿದೆ ನೋಡಲು ಹೇಳಿದರು, ಔಷಧ ಬದಲಿಸಿದರು. "ಇನ್ನೊಂದು ದಿವಸ ಕಾಯ್ತೀನಿ. ಮೆಷಿನ್ ಬೇಕೋ ಬ್ಯಾಡೋ ಆಮ್ಯಾಲ ನೋಡೂಣು."

ಆ ಕಾಯುವಿಕೆ ಹೇಗಿತ್ತೆಂದು ವರ್ಣಿಸುವುದು ಬೇಡ. ನರಕ ಬೇರೆ ಎಲ್ಲೋ ಇದೆ ಎನ್ನುವವರು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಲ್ಲ. ಕಡೆಗೆ ತಾಮ್ರ ಇರಬೇಕಾದ್ದಕ್ಕಿಂತ ಬಹಳ ಮೇಲಿದೆ ಎಂದು ರಿಪೋರ್ಟು ಬಂತು. ಕಿಡ್ನಿ ಇಳಿಯುವುದು ನಿಂತಿತು. ಆಮೇಲೆ ತುಸು ಏರಿತು. ಮೆಷಿನ್ನು ಸದ್ಯಕ್ಕೆ ಬೇಡವೆಂದರು. ಸದ್ಯಕ್ಕೆ ಎಂಬ ಆ ಪದವನ್ನು ಅಲಮೇಲು ಕೈಮುಗಿದು ತೆಗೆದುಕೊಂಡಳು.

ಹಾಸಿಗೆಯಲ್ಲಿ ಸ್ವಲ್ಪ ಒರಗಿ ಕೂರುವಂತಾದ ದಿನ ಸತ್ಯಮೂರ್ತಿ ತಾವಾಗಿಯೇ ಹೇಳಿದರು: "ರುಚಿ ಕೆಟ್ಟಿತ್ತು ಕಣೆ. ಕಾರ್ಖಾನೆ ಕೊಳಾಯಿ ನೀರಿನ ಹಾಗೆ."

"ಗೊತ್ತಾಗ್ತಿತ್ತಾ ನಿಮಗೆ? ಮತ್ತೆ ಯಾಕೆ ಕುಡಿದ್ರಿ?" ಅಲಮೇಲು ಹೆಚ್ಚುಕಡಿಮೆ ಕಿರುಚಿದಳು.

"ನೀನು ಎದುರಿಗೆ ನಿಂತಿರ್ತಿದ್ದೆಯಲ್ಲ. ಲೋಟ ಖಾಲಿಯಾದ ಮೇಲೆ ನಿನ್ನ ಮುಖ ಸ್ವಲ್ಪ ಹಗುರಾಗ್ತಿತ್ತು. ಇನ್ನೆಲ್ಲ ಹೊತ್ತಿನಲ್ಲಿ ನಿನ್ನನ್ನ ನೋಡಕ್ಕಾಗ್ತಿರ್ಲಿಲ್ಲ."

ಅಲಮೇಲು ಅವರ ಹೊದಿಕೆಯನ್ನು ಕಾಲಿನವರೆಗೆ ಎಳೆದು ಸರಿಮಾಡಿದಳು.

ಮನೆಗೆ ಕರೆತಂದರು. ಮೂತ್ರಪಿಂಡ ಮೊದಲಿನಂತಾಗಲಿಲ್ಲ, ಆಗುವುದೂ ಇಲ್ಲ. ಅದರಲ್ಲಿ ಸಕ್ಕರೆ ತಿಂದದ್ದು ಎಷ್ಟು, ತಪ್ಪಲೆ ತಿಂದದ್ದು ಎಷ್ಟು ಎಂದು ಅಲಮೇಲು ಡಾಕ್ಟರನ್ನು ಕೇಳಿದ್ದಳು. ಹೇಳಲು ಬರುವುದಿಲ್ಲ ಎಂದಿದ್ದರು. ತಪ್ಪಲೆಯನ್ನು ಸಾಧನಾ ಕಾಲೇಜಿಗೆ ಒಯ್ದು ಗಾಜಿನ ಕಪಾಟಿನ ಮೇಲೆ ಇಟ್ಟಿದ್ದಾಳಂತೆ. ಹೊಸದಾಗಿ ಸೇರಿದವರಿಗೆಲ್ಲ ತೋರಿಸುತ್ತಾಳಂತೆ, ಯಾರದೆಂದು ಮಾತ್ರ ಹೇಳುವುದಿಲ್ಲವಂತೆ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಸತ್ಯಮೂರ್ತಿ ಅಭ್ಯಾಸದಂತೆ ತಮ್ಮ ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದರು. ಅಲಮೇಲು ಸ್ಟೀಲಿನ ಲೋಟವನ್ನು ತೊಳೆದು, ಮತ್ತೊಮ್ಮೆ ತೊಳೆದು, ಫಿಲ್ಟರಿನ ನೀರು ಹಿಡಿದಳು. ತಾನು ಒಂದು ಗುಟುಕು ಕುಡಿದು ನೋಡಿದಳು. ನೀರೇ. ಡಾಕ್ಟರು ಹೇಳಿದ ಅಳತೆಗೆ ಸರಿಮಾಡಿ ತಂದು ಅವರ ಮುಂದೆ ಹಿಡಿದಳು.

ಸತ್ಯಮೂರ್ತಿ ಪೇಪರಿನಿಂದ ತಲೆ ಎತ್ತದೆ ಕೈ ಚಾಚಿದರು. ಲೋಟ ತೆಗೆದುಕೊಂಡರು. ಕಣ್ಣು ಮುಚ್ಚಿದರು.

"ರೀ, ನೋಡಿ ಕುಡೀರಿ!"

ಅಷ್ಟರಲ್ಲಿ ಗಟಗಟನೆ ಮುಗಿದಿತ್ತು. ಖಾಲಿ ಲೋಟವನ್ನು ಅವಳ ಕೈಗೆ ಕೊಟ್ಟು, ತುಟಿ ಒರೆಸಿಕೊಂಡು, "ನೋಡೋದೇನಿದೆ? ನೀನು ಕೊಟ್ಟಿದ್ದು ತಾನೆ," ಎಂದು ಮತ್ತೆ ಪೇಪರಿನೊಳಗೆ ಹೋದರು.

ಅಲಮೇಲುವಿಗೆ ಆಸ್ಪತ್ರೆಯಲ್ಲೂ ಅಷ್ಟು ಹೆದರಿಕೆಯಾಗಿರಲಿಲ್ಲ.